ಗೋದಲಿಗೆ ಹುಲ್ಲು

ನಮ್ಮ ಮನೆಯಲ್ಲಿ ಡಿಸೆಂಬರ್ ಎಂದರೆ ನಾಚಿಕೆಯ ತಿಂಗಳು. ಹೀಗೆಂದರೆ ಅಮ್ಮ ಈಗಲೂ ಫೋನಿನಲ್ಲಿ ರೇಗುತ್ತಾಳೆ, ಆದರೆ ಮಾತು ಅವಳದೇ. ಮೈಸೂರಿನಲ್ಲಿದ್ದಾಗ ಚರ್ಚಿನ ಭಾನುವಾರದ ತರಗತಿಯಲ್ಲಿ ಆಗಮನ ಕಾಲ ಎಂದರೇನು ಎಂದು ಕೇಳಿದರೆ, ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಕಾಲ ಎಂದು ನಾವು ಮಕ್ಕಳು ಒಂದೇ ಉಸಿರಿಗೆ ಒಪ್ಪಿಸಿ ಕೂತುಬಿಡುತ್ತಿದ್ದೆವು. ಅದು ಪುಸ್ತಕದ ಉತ್ತರ. ಅಮ್ಮನ ಉತ್ತರ ಅಡುಗೆಮನೆಯದು. ಸೊಪ್ಪು ಬಿಡಿಸುತ್ತಲೋ ಹಿಟ್ಟು ನಾದುತ್ತಲೋ ಹೇಳುತ್ತಿದ್ದಳು:

"ಯಾರೋ ದೊಡ್ಡೋರು ಮನೆಗೆ ಬರ್ತಾ ಇದಾರೆ ಅಂತ ಇಟ್ಕೋ. ಮನೆ ಗುಡಿಸಿಲ್ಲ, ಪಾತ್ರೆ ತೊಳ್ದಿಲ್ಲ, ಕೂರ್ಸೋಕೆ ಒಂದು ಚಾಪೆ ಇಲ್ಲ. ಆವಾಗ ಹೊಟ್ಟೆ ಒಳಗೆ ಒಂಥರಾ ನಾಚ್ಕೆ ಆಗತ್ತಲ್ಲ, ಅದೇ ಆಗಮನ ಕಾಲ. ಆ ನಾಚ್ಕೆ ಇದ್ರೆ ತಾನೇ ಪೊರಕೆ ಹಿಡಿಯೋದು?"

ಆ ನಾಚಿಕೆ ನಮ್ಮ ಮನೆಯಲ್ಲಿ ಕಣ್ಣಿಗೂ ಕಾಣುತ್ತಿತ್ತು. ಉಳಿದವರು ಹಬ್ಬ ಹತ್ತಿರ ಬಂದ ಮೇಲೆ ಗೋದಲಿ ಕಟ್ಟಿ ದನ, ಕುರಿ, ಕುರುಬರನ್ನು ಜೋಡಿಸಿದರೆ, ನಮ್ಮಲ್ಲಿ ಮೊದಲ ಭಾನುವಾರವೇ ಬಾಲಯೇಸು ಮಲಗುವ ಪುಟ್ಟ ಮರದ ಗೋದಲಿಯೊಂದನ್ನೇ, ಒಳಗೆ ಏನೂ ಇಲ್ಲದೆ, ಬಂದು ಹೋಗುವವರಿಗೆಲ್ಲ ಕಾಣುವ ಹಾಗೆ ಇಡುತ್ತಿದ್ದರು. ಸಂಜೆ ಪ್ರಾರ್ಥನೆ ಮುಗಿದ ಮೇಲೆ, ಆ ದಿನ ಏನನ್ನಾದರೂ ಬಿಟ್ಟುಕೊಟ್ಟವರು, ಜಗಳದಲ್ಲಿ ತಾವೇ ಸುಮ್ಮನಾದವರು, ಯಾರದೋ ಕೆಲಸಕ್ಕೆ ಕೈ ಹಾಕಿದವರು ಅದರೊಳಗೆ ಒಂದು ಎಳೆ ಒಣಹುಲ್ಲು ಹಾಕಬೇಕು. ಯಾಕೆ ಹಾಕಿದೆ ಎಂದು ಬಾಯಿ ಬಿಡುವಂತಿಲ್ಲ. ಹಬ್ಬದ ಹೊತ್ತಿಗೆ ಮಗು ಮಲಗುವಷ್ಟು ಮೆತ್ತಗಾಗಬೇಕು. ಹುಲ್ಲು ಸಾಲದೆ ಮಗು ಬರಿಯ ಹಲಗೆಯ ಮೇಲೆ ಮಲಗಿದರೆ ಅದಕ್ಕಿಂತ ಮಾನಗೇಡು ಅಮ್ಮನಿಗೆ ಇನ್ನೊಂದಿರಲಿಲ್ಲ. ಮೈಸೂರಿನಲ್ಲಿ ಹುಲ್ಲಿಗೇನು ಬರ, ಹಾಲಿನವನಿಗೆ ಒಂದು ಮಾತು ಹೇಳಿದರೆ ತೋಳಿನ ತುಂಬ ತಂದು ಹಾಕುತ್ತಿದ್ದ.

ನನಗೆ ಒಂಬತ್ತು ವರ್ಷವಾದಾಗ ಅಪ್ಪನಿಗೆ ವಾಕೋದ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿ ನಾವು ಜಪಾನಿಗೆ ಬಂದೆವು. ಎರಡು ಮಹಡಿಯ ಹಳೆಯ ಕಟ್ಟಡ, ಮೇಲಿನ ಮನೆ ನಮ್ಮದು. ಬಾಗಿಲು ತೆಗೆದರೆ ಗೆಂಕಾನ್, ಅಂದರೆ ಚಪ್ಪಲಿ ಬಿಡುವ ತಗ್ಗಿನ ಜಾಗ. ಅಲ್ಲಿಂದ ಒಂದು ಮೆಟ್ಟಿಲು ಹತ್ತಿದರೆ ಒಂದೇ ದೊಡ್ಡ ಕೋಣೆ, ಅದರ ಮೂಲೆಯಲ್ಲೇ ಅಡುಗೆ. ಒಗ್ಗರಣೆ ಹಾಕಿದರೆ ಹಾಸಿಗೆಯ ಮೇಲೆ ಓದುತ್ತಿದ್ದ ಅಪ್ಪ ಕೆಮ್ಮುತ್ತಿದ್ದ. ಅಮ್ಮನಿಗೆ ಭಾಷೆ ಬರದು, ಕೆಲಸವಿಲ್ಲ, ಜನವಿಲ್ಲ. ಕನ್ನಡದವರು ಇದ್ದದ್ದು ದೂರದ ಇಚಿಕಾವಾದಲ್ಲಿ. ದೀಪಾವಳಿಗೆ ಕರೆದು ಊಟ ಹಾಕಿದ ಪದ್ಮಾ ಆಂಟಿಯೊಬ್ಬರು ಆಗಾಗ ಫೋನಿನಲ್ಲಿ ಸಿಗುತ್ತಿದ್ದರು, ಅಷ್ಟೆ. ಇಡೀ ವಾಕೋದಲ್ಲಿ ಅಮ್ಮನಿಗೆ ಇದ್ದ ಒಂದೇ ಒಂದು ಸ್ನೇಹವೆಂದರೆ ಕೆಳಗಿನ ಮನೆಯ ಮುರಾತಾ-ಸಾನ್.

ಮುರಾತಾ-ಸಾನ್ ಒಂಟಿ ಹೆಂಗಸು, ವಯಸ್ಸಾದವರು, ಬೆನ್ನು ಸ್ವಲ್ಪ ಬಾಗಿತ್ತು. ಕಸವನ್ನು ಯಾವ ದಿನ ಯಾವ ಚೀಲದಲ್ಲಿ ಹಾಕಬೇಕು ಎಂಬುದರಿಂದ ಹಿಡಿದು ನನ್ನ ಶಾಲೆಯ ಚೀಲಕ್ಕೆ ಹೆಸರು ಹೊಲಿಯುವ ತನಕ ಎಲ್ಲವನ್ನೂ ಕಲಿಸಿಕೊಟ್ಟವರು. ಮೂಲಂಗಿ, ಖರ್ಜೂರದ ಬಣ್ಣದ ಒಣಹಣ್ಣು, ಏನಾದರೊಂದು ಹಿಡಿದು ಮೇಲೆ ಬರುತ್ತಿದ್ದರು. ಅಮ್ಮ ಗೊಜ್ಜು, ಪಲ್ಯ ಕಳಿಸುತ್ತಿದ್ದಳು. ಆದರೆ ಅಷ್ಟು ತಿಂಗಳಲ್ಲಿ ಒಂದು ಸಲವೂ ಅವರು ಗೆಂಕಾನ್ ದಾಟಿ ಒಳಗೆ ಬರಲಿಲ್ಲ. ಅಮ್ಮ ತನಗೆ ಬರುತ್ತಿದ್ದ ಜಪಾನಿಯನ್ನೆಲ್ಲ ಸೇರಿಸಿ "ದೋಜೋ, ದೋಜೋ, ಒಳಗ್ ಬನ್ನಿ" ಎನ್ನುವಳು. ಅವರು ಬಗ್ಗಿ ವಂದಿಸಿ "ಇಲ್ಲೇ ಸಾಕು" ಎನ್ನುವರು. ಅಮ್ಮನಿಗೆ ಇದು ಒಳಗೊಳಗೇ ಕೊರೆಯುತ್ತಿತ್ತು.

"ಮನೆಗ್ ಬಂದೋರು ಕೂತು ಒಂದು ಲೋಟ ಕಾಫಿ ಕುಡೀದೆ ಹೋದ್ರೆ ಅದು ಬಂದಂಗಾ? ನಮ್ಮನೇಲಿ ಏನಾದ್ರೂ ವಾಸ್ನೆ ಬರತ್ತಾ, ನೋಡೇ ಸೆಲ್ಲಿ."

ಸೆಲೀನಾ ನನ್ನ ಹೆಸರು. ಒಗ್ಗರಣೆಯ ವಾಸನೆ ಬರುತ್ತಿತ್ತು, ನನ್ನ ಜಾಕೆಟ್ಟಿನಿಂದಲೂ ಬರುತ್ತಿತ್ತು, ಶಾಲೆಯಲ್ಲಿ ಅದನ್ನು ಮೂಸಿ ನಗುವವರಿದ್ದರು. ಅಮ್ಮನಿಗೆ ಹೇಳಲಿಲ್ಲ. ಹೇಗಾದರೂ ಮಾಡಿ ಹಬ್ಬದ ಹೊತ್ತಿಗೆ ಮುರಾತಾ-ಸಾನ್ ಒಳಗೆ ಬಂದು ಕೂರಬೇಕು, ಅವರಿಗೆ ತನ್ನ ಕೈಯಾರೆ ಬಡಿಸಬೇಕು ಎಂದು ಅಮ್ಮ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ನವೆಂಬರ್ ಕಳೆಯುವ ಮೊದಲೇ ಕಿಟಕಿಯ ಸಂದಿಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕತೊಡಗಿದಳು.

ಇತ್ತ ಸ್ಟೇಷನ್ನಿನ ಮುಂದಿನ ಮರಗಳಿಗೆಲ್ಲ ಆಗಲೇ ದೀಪ ಹಾಕಿಯಾಗಿತ್ತು. ಕೊಂಬಿನಿ ಎನ್ನುವ ದಿನವಿಡೀ ತೆರೆದಿರುವ ಅಂಗಡಿಗಳಲ್ಲಿ ಕ್ರಿಸ್ಮಸ್ ಕೇಕು, ಹಾಡು, ಕೆಂಪು ಟೋಪಿ ಹಾಕಿಕೊಂಡು ಬಿಲ್ ಮಾಡುವ ಹುಡುಗಿಯರು. ಇಡೀ ಊರೇ ಕ್ರಿಸ್ಮಸ್ ಮಾಡುತ್ತಿದ್ದಾಗ, ಇಡೀ ಶಾಲೆಗೆ ಒಬ್ಬಳೇ ಕ್ರಿಶ್ಚಿಯನ್ ಆದ ನನ್ನ ಮನೆಯಲ್ಲಿ ಒಂದು ಮಿಣುಕು ದೀಪ ಇರಲಿಲ್ಲ. ಅಪ್ಪ ವಿಜ್ಞಾನದಲ್ಲಿ ಎಷ್ಟು ಹೊಸ ಕಾಲದವನೋ ಈ ವಿಷಯದಲ್ಲಿ ಅಷ್ಟೇ ಹಳೇ ಕಾಲದವ.

"ಈಗ ಹಬ್ಬ ಅಲ್ಲ. ಈಗ ಕಾಯೋ ಕಾಲ. ಹುಟ್ಟೋಕ್ ಮುಂಚೆ ಹುಟ್ಟುಹಬ್ಬ ಮಾಡ್ತಾರೇನಮ್ಮ ಯಾರಾದ್ರೂ?"

ಸಿಹಿಯಿಲ್ಲ, ನಕ್ಷತ್ರವಿಲ್ಲ. ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಮೇಣದಬತ್ತಿ, ವಾರಕ್ಕೊಂದು ಹೆಚ್ಚಿಗೆ ಹಚ್ಚುವುದು, ಪ್ರಾರ್ಥನೆ ಮುಗಿದೊಡನೆ ಆರಿಸುವುದು. ಶಾಲೆಯಿಂದ ನನ್ನ ಜೊತೆ ನಡೆದು ಬರುತ್ತಿದ್ದ ಹುಡುಗಿಯೊಬ್ಬಳು ಚಪ್ಪಲಿ ಕಪಾಟಿನ ಮೇಲೆ ಇಟ್ಟಿದ್ದ ಖಾಲಿ ಗೋದಲಿಯನ್ನು ನೋಡಿ, ಇದು ಬೆಕ್ಕಿನ ಹಾಸಿಗೆಯಾ ಎಂದು ಕೇಳಿದಳು. ನಾನು ಹೌದು ಎಂದೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಬೆಕ್ಕೆಲ್ಲಿ ಎಂದು ಅವಳು ಕೇಳಲಿಲ್ಲ, ಅದೊಂದು ಪುಣ್ಯ.

ಗೋದಲಿ ಖಾಲಿಯಿದ್ದದ್ದಕ್ಕೆ ಕಾರಣ ನಮ್ಮ ಪುಣ್ಯಕಾರ್ಯಗಳ ಕೊರತೆಯಲ್ಲ, ವಾಕೋದಲ್ಲಿ ಹುಲ್ಲೇ ಇರಲಿಲ್ಲ. ಅಪ್ಪ ಆಫೀಸಿನಲ್ಲಿ ಕಾಗದ ಕತ್ತರಿಸುವ ಮೆಷಿನ್ನಿನಿಂದ ಒಂದು ಚೀಲ ಚೂರು ತಂದ.

"ಏನ್ರೀ, ದೇವ್ರ ಮಗನ್ನ ನಿಮ್ಮ ಆಫೀಸ್ ಕಸದ ಮೇಲೆ ಮಲಗ್ಸ್ತೀರಾ?"

"ಅವನು ದನದ ಕೊಟ್ಟಿಗೇಲೇ ಹುಟ್ಟಿದ್ದು ಕಣೆ ಮೇರಿ."

"ದನದ ಕೊಟ್ಟಿಗೇಲಿ ಹುಲ್ಲಿತ್ತು!"

ಜಗಳ ಅಲ್ಲಿಗೆ ನಿಲ್ಲಲಿಲ್ಲ, ಜಪಾನಿಗೆ ಬಂದದ್ದೇ ತಪ್ಪು ಎನ್ನುವ ತನಕ ಹೋಯಿತು. ಮರುದಿನ ಮುರಾತಾ-ಸಾನ್ ಮೂಲಂಗಿ ಹಿಡಿದು ಬಂದಾಗ ಅಮ್ಮ ನನ್ನ ಭುಜ ಹಿಡಿದು ಮುಂದೆ ತಳ್ಳಿದಳು.

"ಕೇಳೇ. ವರ್ಷದ ಕೊನೇಲಿ ನಮ್ಮನೆಗೆ ದೇವ್ರು ಬರ್ತಾರೆ, ಅದಕ್ಕೆ ಭತ್ತದ ಹುಲ್ಲು ಬೇಕು, ಎಲ್ಲಿ ಸಿಗತ್ತೆ ಅಂತ ಕೇಳು."

ನಾನು ಹಾಗೆಯೇ ಕೇಳಿದೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮುರಾತಾ-ಸಾನ್ ಮುಖ ಅರಳಿತು. ಈಗಿನ ಜಪಾನಿನ ಹುಡುಗರಿಗೇ ಇದು ಬೇಡವಾಗಿದೆ, ಪರದೇಶದಿಂದ ಬಂದ ನಿಮಗೆ ಹೇಗೆ ಗೊತ್ತು ಎಂದರು. ನನ್ನ ಅಕ್ಕನ ಗದ್ದೆಯಿದೆ, ಹುಲ್ಲು ತರಿಸುತ್ತೇನೆ, ನೀವು ಎಲ್ಲೂ ಹುಡುಕಬೇಡಿ ಎಂದರು. ಅವರು ಕೆಳಗಿಳಿದು ಹೋದ ಮೇಲೆ ಅಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, "ಅವ್ರಿಗೂ ಆಗಮನ ಕಾಲ ಗೊತ್ತು ಕಣೇ!" ಎಂದಳು. ಎಷ್ಟೋ ದಿನದ ಮೇಲೆ ಅವತ್ತು ಅವಳು ಹಾಡಿಕೊಂಡು ಅಡುಗೆ ಮಾಡಿದಳು.

ವಾರ ಕಳೆದು ಮುರಾತಾ-ಸಾನ್ ಹುಲ್ಲು ತಂದರು. ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ ಕೊಟ್ಟರು. ಬಂಗಾರದ ಬಣ್ಣದ ಹುಲ್ಲನ್ನು ದಪ್ಪ ಹಗ್ಗವಾಗಿ ಹೊಸೆದು, ಬಳೆಯ ಹಾಗೆ ಬಗ್ಗಿಸಿ ಕಟ್ಟಿದ್ದರು. ಅಂಚಿನಲ್ಲಿ ಮಡಿಕೆ ಮಡಿಕೆಯಾದ ಬಿಳಿ ಕಾಗದ, ಹಸಿರೆಲೆ, ನಡುವೆ ಎಲೆಯ ಸಮೇತ ಒಂದು ಹುಳಿಹಣ್ಣು, ಥೇಟ್ ನಮ್ಮ ಹೇರಳೆಕಾಯಿ. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಪಾಪ, ಹುಲ್ಲನ್ನೂ ಎಷ್ಟು ಚೆಂದ ಪ್ಯಾಕ್ ಮಾಡಿದಾರೆ ನೋಡು! ಈ ಊರಲ್ಲಿ ಎರಡು ಸೇಬು ಕೊಡೋಕೂ ರಿಬ್ಬನ್ನು ಬೇಕು ಇವ್ರಿಗೆ."

ಅಪ್ಪನಿಗೂ ಬೇರೇನೂ ಹೊಳೆಯಲಿಲ್ಲ. ನಾವು ಬಂದು ವರ್ಷವೂ ತುಂಬಿರಲಿಲ್ಲ, ಯಾರ ಬಾಗಿಲಲ್ಲೂ ಇನ್ನೂ ಅಂಥದ್ದು ಕಟ್ಟಿರಲಿಲ್ಲ. ಸಂಜೆ ಮೂವರೂ ಕೂತು ಬಿಚ್ಚಿದೆವು. ಎಂಥ ಬಿಗಿ ಅಂತೀರಿ, ಉಗುರು ಕಿತ್ತು ಬಂತು. ಅಪ್ಪ ಇಕ್ಕಳ ತಂದ. ಕೆಲವು ಎಳೆ ತುಂಡಾದವು, ಅಮ್ಮ ಅವನ್ನೂ ಹೆಕ್ಕಿ ಜೋಪಾನ ಮಾಡಿದಳು. ಬಿಳಿ ಕಾಗದವನ್ನು ಗೋದಲಿಯ ಹಿಂದೆ ಮಂಜಿನ ಹಾಗೆ ಅಂಟಿಸಿದೆವು. ಹಣ್ಣನ್ನು ಅಮ್ಮ ಬಿಡುವಳೇ? ಮೆಂತ್ಯ, ಬೆಲ್ಲ, ಹಸಿಮೆಣಸು ಹಾಕಿ ಗೊಜ್ಜು ಮಾಡಿದಳು. ಒಂದು ಬಟ್ಟಲು ತುಂಬಿಸಿ, ನಿಮ್ಮ ಹಣ್ಣಿನದೇ ಎಂದು ಹೇಳು ಎಂದು ನನ್ನನ್ನು ಕೆಳಗೆ ಕಳಿಸಿದಳು. ಬಾಗಿಲು ತೆಗೆದ ಮುರಾತಾ-ಸಾನ್ ಬಟ್ಟಲು ಮೂಸಿ ನೋಡಿ ನಕ್ಕರು. ನಾನು ಅರಿಗಾತೋ ಎಂದು ಥ್ಯಾಂಕ್ಸ್ ಹೇಳಿ ಓಡಿ ಬಂದೆ. ಹಣ್ಣಿನ ಮಾತು ಹೇಳಿದೆನೋ ಇಲ್ಲವೋ ನೆನಪಿಲ್ಲ.

ಆ ಸಲದ ಗೋದಲಿಯಷ್ಟು ಮೆತ್ತಗಿನ ಗೋದಲಿ ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ. ಇಪ್ಪತ್ತನಾಲ್ಕರ ಸಂಜೆ ಅಪ್ಪ ನಕ್ಷತ್ರ ಹಚ್ಚಿದ, ಮಗುವನ್ನು ಹುಲ್ಲಿನ ಮೇಲೆ ಮಲಗಿಸಿದೆವು, ಅಮ್ಮ ಹಬ್ಬದ ಸಿಹಿತಿಂಡಿ ಕಲ್‌ಕಲ್ ಕರಿದು, ಮುರಾತಾ-ಸಾನ್ ಬಂದಾಗ ಕೊಡಲೆಂದು ಡಬ್ಬ ತುಂಬಿದಳು. ಹಬ್ಬ ಕಳೆದ ಮರುದಿನ ನೋಡಿದರೆ ಊರಿನ ಕ್ರಿಸ್ಮಸ್ ಮಾಯ! ಮರದ ದೀಪವಿಲ್ಲ, ಹಾಡಿಲ್ಲ. ಎಲ್ಲರೂ ಹೊಸವರ್ಷಕ್ಕೆ ಮನೆ ತೊಳೆಯುತ್ತಿದ್ದರೆ ನಮ್ಮದೊಂದೇ ಬಾಗಿಲಿನ ಮೇಲೆ ನಕ್ಷತ್ರ ಮಿಣಮಿಣ ಎನ್ನುತ್ತಿತ್ತು. ದೀಪ ಬೇಕಿದ್ದಾಗ ಇರಲಿಲ್ಲ, ಬೇಡವಾದಾಗ ಉರಿಯುತ್ತಿದೆ. ನಾನು ರಸ್ತೆಯಿಂದ ಅದನ್ನು ನೋಡಿ ಬೇರೆ ಯಾರದೋ ಮನೆಯಂತೆ ಮುಖ ತಿರುಗಿಸಿಕೊಂಡು ಹತ್ತಿ ಬರುತ್ತಿದ್ದೆ.

ಅದಾಗಿ ಒಂದೆರಡು ದಿನಕ್ಕೆ ಬೆಳಗ್ಗೆ ಮುರಾತಾ-ಸಾನ್ ಬೆಲ್ ಮಾಡಿದರು. ಕೈಯಲ್ಲಿ ಒಂದು ಕೊಕ್ಕೆ, ಪುಟ್ಟ ಸುತ್ತಿಗೆ. ಕಟ್ಟಲು ಕೊಕ್ಕೆ ಇಲ್ಲವೇನೋ ಎಂದು ತಂದೆ ಎಂದರು. ಏನು ಕಟ್ಟಲು ಎಂದು ನಾನು ಕೇಳುವಷ್ಟರಲ್ಲಿ ಅವರ ಕಣ್ಣು ಚಪ್ಪಲಿ ಕಪಾಟಿನ ಮೇಲೆ ಹೋಯಿತು. ಹುಲ್ಲು ನೋಡಿದರು. ಹಿಂದಿನ ಬಿಳಿ ಕಾಗದ ನೋಡಿದರು. "ಆರಾ" ಎಂದರು ಮೆಲ್ಲಗೆ, ಅಯ್ಯೋ ಎನ್ನುವ ಹಾಗೆ. ಆಮೇಲೆ, ಹಣ್ಣು ಎಲ್ಲಿ ಎಂದು ನನ್ನನ್ನು ಕೇಳಿದರು. ಅಮ್ಮನ ಗೊಜ್ಜಿನ ಬಟ್ಟಲು ಕೊಟ್ಟೆನಲ್ಲ, ಅದೇ ಎಂದೆ. ಮುರಾತಾ-ಸಾನ್ ಕೈ ತಾನಾಗಿ ಬಾಯಿಗೆ ಹೋಯಿತು. "ದಾಯ್‌ಜೋಬು, ದಾಯ್‌ಜೋಬು" ಎಂದು, ಏನೂ ಆಗಿಲ್ಲವೆಂಬಂತೆ ಎರಡು ಸಲ ಹೇಳಿ, ಬಗ್ಗಿ ವಂದಿಸಿ, ಕೊಕ್ಕೆ ಸುತ್ತಿಗೆಯೊಂದಿಗೆ ಇಳಿದು ಹೋದರು. ಅಮ್ಮ ಕಲ್‌ಕಲ್ ಡಬ್ಬ ಹಿಡಿದು ಬಂದಾಗ ಗೆಂಕಾನಿನಲ್ಲಿ ಯಾರೂ ಇರಲಿಲ್ಲ.

ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಅಮ್ಮ ಇಚಿಕಾವಾದ ಪದ್ಮಾ ಆಂಟಿಗೆ ಫೋನ್ ಮಾಡಿದಳು. ಅವರ ದನಿ ನನಗೂ ಕೇಳುತ್ತಿತ್ತು.

"ಅಯ್ಯಯ್ಯೋ ಮೇರಿ! ಅದು ಶಿಮೆಕಜಾರಿ ಕಣ್ರೀ. ಹೊಸವರ್ಷಕ್ಕೆ ಮನೆಗೆ ದೇವ್ರು ಬರ್ತಾರೆ ಅಂತ ಬಾಗ್ಲಿಗೆ ಕಟ್ತಾರೆ. ನಮ್ಮ ತೋರಣ ಇದ್ದಂಗೆ, ಇನ್ನೂ ಹೆಚ್ಚು ಅನ್ನಿ. ಸ್ವಂತ ಕೈಲಿ ಹೊಸ್ದು ಕೊಟ್ರಾ? ಅದನ್ನ ನೀವು... ಗೊಜ್ಜಾ? ಅವ್ರಿಗೇ ತಿನ್ನಿಸಿದ್ರಾ?"

ಆಂಟಿ ನಗು ತಡೆಯಲಾರದೆ ನಕ್ಕೇಬಿಟ್ಟರು. ಅಮ್ಮ ಫೋನ್ ಇಟ್ಟು ನೆಲದ ಮೇಲೆ ಕೂತಳು. ನಾನು ಅಮ್ಮನ ಮುಖ ನೋಡಲಾರದೆ ಗೋದಲಿ ನೋಡಿದೆ, ಗೋದಲಿ ನೋಡಲಾರದೆ ನನ್ನ ಕಾಲು ನೋಡಿಕೊಂಡೆ. ಸಂಜೆ ವಿಷಯ ಕೇಳಿದ ಅಪ್ಪ, ತನಗೆ ತೋಚಿದ ಪರಿಹಾರ ಮಾಡಿದ: ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಹಣ್ಣಿನ ಶಿಮೆಕಜಾರಿಯೊಂದನ್ನು ಕೊಂಡು ತಂದ.

"ಅವ್ರು ಕೈಯಾರೆ ಮಾಡಿದ್ದನ್ನ ಕಿತ್ತು ಹಾಕಿ, ಅವ್ರ ತಲೆ ಮೇಲೇ ಅಂಗಡೀದು ತೂಗ್ಹಾಕ್ತೀರಾ? ಇದಕ್ಕಿಂತ ಹೋಗಿ ಅವ್ರ ಮುಖಕ್ಕೆ ಹೊಡೀರಿ!"

"ಮತ್ತೇನ್ ಮಾಡೋಣ ಅಂತೀಯ? ದೇವ್ರ ಮಗನಿಗೇ ತಾನೇ ಹಾಸಿದ್ದು, ಬೇರೆ ಯಾರಿಗೂ ಅಲ್ವಲ್ಲ."

"ನಮ್ ದೇವ್ರಿಗೆ ಹಾಸೋಕೆ ಅವ್ರ ದೇವ್ರ ಬಾಗ್ಲು ಕೀಳ್ಬೇಕಿತ್ತಾ?"

ಅಮ್ಮ ಎದ್ದಳು. ಮಗುವನ್ನು ಎತ್ತಿ ಅಪ್ಪನ ಚೌಕಳಿ ಕರ್ಚೀಫಿನ ಮೇಲೆ ಮಲಗಿಸಿದಳು. ಹುಲ್ಲನ್ನು ಒಂದು ಎಳೆಯೂ ಬಿಡದೆ ಬಿಳಿ ಟವೆಲಿನಲ್ಲಿ ಕಟ್ಟಿದಳು, ಕಾಗದವನ್ನು ಕಿತ್ತು ಕೈಯಿಂದ ಒತ್ತಿ ನೇರ ಮಾಡಿದಳು. ನನ್ನ ಕೈ ಹಿಡಿದುಕೊಂಡು ಕೆಳಗಿಳಿದಳು. ಮುರಾತಾ-ಸಾನ್ ಬಾಗಿಲಿಗೆ ನಮಗೆ ಕೊಟ್ಟಂಥದ್ದೇ ಇನ್ನೊಂದು ಹಗ್ಗ, ದಪ್ಪಗೆ, ಹಣ್ಣಿನ ಸಮೇತ ತೂಗುತ್ತಿತ್ತು. ಈಗ ನೋಡಿದರೆ ಇಡೀ ಬೀದಿಯ ಬಾಗಿಲುಗಳಲ್ಲೆಲ್ಲ ಅದೇ.

ಬಾಗಿಲು ತೆರೆಯಿತು. ಅಮ್ಮ ಕನ್ನಡದಲ್ಲಿ ಹೇಳುತ್ತಲೇ ಹೋದಳು: ನಮಗೆ ಗೊತ್ತಾಗಲಿಲ್ಲ, ನಿಮ್ಮ ದೇವರಿಗೆ ಅಪಚಾರವಾಯಿತು, ನಿಮ್ಮ ಕೈ ಎಷ್ಟು ನೊಂದಿತ್ತೋ, ನೀವು ಬಿಟ್ಟರೆ ನನಗೆ ಇಲ್ಲಿ ಯಾರೂ ಇಲ್ಲ. ಹೇಳೇ, ಹೇಳೇ ಎಂದು ನನ್ನನ್ನು ತಿವಿಯುತ್ತಿದ್ದಳು. ನನ್ನಲ್ಲಿದ್ದದ್ದು ಮೂರನೇ ಕ್ಲಾಸಿನ ಜಪಾನಿ. ಪಕ್ಕದವಳ ಪೆನ್ಸಿಲ್ ಮುರಿದಾಗ ಹೇಳುವ "ಗೊಮೆನ್ನಾಸಾಯ್" ಒಂದನ್ನೇ ಮತ್ತೆ ಮತ್ತೆ ಹೇಳಿದೆ. ಅದು ಸಾಲದೆಂದು ಅಮ್ಮನಿಗೂ ತಿಳಿಯಿತೇನೋ, ಟವೆಲಿನ ಗಂಟು ಕೆಳಗಿಟ್ಟವಳೇ ಬಗ್ಗಿ ಮುರಾತಾ-ಸಾನ್ ಕಾಲು ಮುಟ್ಟಿಬಿಟ್ಟಳು. ಅವರು ಹಾವು ಕಂಡವರಂತೆ ಹಿಂದೆ ಸರಿದು, ತಾವೂ ಮಂಡಿಯೂರಿ ನೆಲಕ್ಕೆ ಹಣೆ ತಾಗಿಸಿದರು. ಅದನ್ನು ಕಂಡು ಅಮ್ಮ ಇನ್ನೂ ಕೆಳಗೆ ಹೋದಳು. ಹೊಸ್ತಿಲಿನ ಆಚೆ ಒಬ್ಬರು, ಈಚೆ ಒಬ್ಬರು, ಯಾರು ಹೆಚ್ಚು ತಗ್ಗುತ್ತಾರೆ ಎಂಬ ಪೈಪೋಟಿ. ಎದುರು ಮನೆಯವರು ಸೈಕಲ್ ನಿಲ್ಲಿಸಿ ನೋಡಿದರು. ಭೂಮಿ ಬಾಯಿ ಬಿಡಬಾರದೇ ಎಂದು ನಾನು ನಿಜಕ್ಕೂ ಬೇಡಿಕೊಂಡೆ. ಕೊನೆಗೆ ಮುರಾತಾ-ಸಾನ್ ಹುಲ್ಲಿನ ಗಂಟನ್ನು ಎದೆಗೆ ಅವಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನವೆಲ್ಲ ಕೆಳಗಿನಿಂದ ಸದ್ದಿಲ್ಲ. ಅಮ್ಮ ಒಲೆ ಹಚ್ಚಿದ್ದು ನಮಗೋಸ್ಕರ ಮಾತ್ರ. ತಿಂಗಳಿಡೀ ಬ್ರಷ್ ಹಿಡಿದು ತಿಕ್ಕಿದ ಮನೆಯಲ್ಲಿ ಅವಳು ಪೊರಕೆ ಮುಟ್ಟಲಿಲ್ಲ. "ಇನ್ನ್ ಯಾರ್ ಬರ್ಬೇಕು ಅಂತ ಗುಡಿಸ್ಲಿ?" ಎಂದಳು. ಒದ್ದೆ ಬಟ್ಟೆಯನ್ನು ಕೋಣೆಯ ಅಡ್ಡಕ್ಕೆ ಹಗ್ಗ ಕಟ್ಟಿ ಹರವಿದಳು. ತೊಳೆಯುವ ಪಾತ್ರೆ ಸಿಂಕಿನಿಂದ ಮೇಲೆ ಎದ್ದಿತು. ಇನ್ನು ಮುರಾತಾ-ಸಾನ್ ಮೇಲೆ ಬರುವುದಿಲ್ಲ, ಮೂಲಂಗಿಯಿಲ್ಲ, ಮಾತಿಲ್ಲ, ಮೆಟ್ಟಿಲಲ್ಲಿ ಸಿಕ್ಕರೆ ವಂದಿಸಿ ಸರಿದುಹೋಗುತ್ತಾರೆ, ಅಷ್ಟೆ ಎಂದು ನನಗೂ ಖಚಿತವಾಯಿತು.

ಅದರ ಮರುದಿನ ಬೆಳಗ್ಗೆ ಬೆಲ್ ಆಯಿತು. ಅಮ್ಮ ನೈಟಿಯಲ್ಲಿದ್ದಳು, ತಲೆ ಬಾಚಿರಲಿಲ್ಲ. ಬಾಗಿಲು ತೆಗೆದವಳು ನಾನು. ಮುರಾತಾ-ಸಾನ್ ನಿಂತಿದ್ದರು. ಕೈಯಲ್ಲಿ ಅದೇ ಕೊಕ್ಕೆ, ಸುತ್ತಿಗೆ, ನಮ್ಮ ಗೊಜ್ಜಿನ ಬಟ್ಟಲು, ಮತ್ತು ಒಂದು ಹೊಸ ಹಗ್ಗ. ಮೊದಲಿನ ಅರ್ಧ ದಪ್ಪವೂ ಇಲ್ಲ, ಅಲ್ಲಲ್ಲಿ ಎಳೆ ಎದ್ದಿತ್ತು. ಇವತ್ತೇ ಕಟ್ಟಬೇಕು, ನಾಳೆ ವರ್ಷದ ಕೊನೆಯ ದಿನ, ಕಡೆಗಳಿಗೆಯಲ್ಲಿ ಕಟ್ಟಿದರೆ ದೇವರಿಗೆ ಅಗೌರವ ಎಂದರು. ನಾನು ಅಮ್ಮನಿಗೆ ಹೇಳಿದೆ. ಅವರೇ ಕೊಕ್ಕೆ ಹೊಡೆದು, ನಮ್ಮ ಕಾಗದದ ನಕ್ಷತ್ರದ ಕೆಳಗೆ ಹಗ್ಗ ತೂಗುಹಾಕಿದರು. ಆಮೇಲೆ ಬಟ್ಟಲು ಕೊಟ್ಟರು. ತೊಳೆದ ಬಟ್ಟಲಿನಲ್ಲಿ ಒಂದು ಹುಳಿಹಣ್ಣು, ಎಲೆಯ ಸಮೇತ.

"ಹಣ್ಣು ಎಲ್ಲಿಂದ ಬಂತು ಕೇಳೇ," ಎಂದಳು ಅಮ್ಮ.

ಕೇಳಿದೆ. ಮುರಾತಾ-ಸಾನ್ ಹೇಳಿದ್ದನ್ನು ಒಂದೊಂದಾಗಿ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ.

"ಅವ್ರ ಬಾಗ್ಲಿಂದಂತೆ. ನಮ್ಮ ಹುಲ್ಲು ತುಂಡಾಗಿತ್ತಂತೆ, ಅದೊಂದ್ರಿಂದ ಹಗ್ಗ ಆಗ್ಲಿಲ್ವಂತೆ. ಅದಕ್ಕೆ ಅವ್ರದ್ದನ್ನೂ ಬಿಚ್ಚಿದ್ರಂತೆ. ಎರಡನ್ನೂ ಸೇರ್ಸಿ ಎರಡು ಹೊಸೆದ್ರಂತೆ. ತೆಳ್ಳಗಾಗಿದೆ, ಸುಮಿಮಾಸೆನ್, ಕ್ಷಮ್ಸಿ ಅಂತಿದಾರೆ. ಈ ಹಣ್ಣು ತಿನ್ನಬಹುದು ಅಂತ ಅವ್ರಿಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ವಂತೆ. ಇದ್ರದ್ದೂ ಅದನ್ನೇ ಮಾಡ್ಕೊಡ್ತೀರಾ ಅಂತ ಕೇಳ್ತಿದಾರೆ."

ಅಮ್ಮ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಣ್ಣು ತುಂಬಿತ್ತು. ತಿಂಗಳುಗಟ್ಟಲೆ ಹೇಳಿ ಅಭ್ಯಾಸವಾದ ಮಾತೇ ಬಾಯಿಗೆ ಬಂತು: "ದೋಜೋ, ಒಳಗ್ ಬನ್ನಿ." ಹೇಳಿದ ಮೇಲೆ ಅವಳಿಗೆ ಬೆನ್ನ ಹಿಂದಿದ್ದ ಕೋಣೆಯ ನೆನಪಾಯಿತು. ನನ್ನ ಕಡೆ ಬಗ್ಗಿ ಉಸುರಿದಳು:

"ಅಯ್ಯೋ, ಮನೆ ನೋಡೇ ಹೆಂಗಿದೆ! ದೇವ್ರೇ, ಇವತ್ತೊಂದಿನ ಬರ್ದೆ ಇರ್ಲಪ್ಪಾ."

ಮುರಾತಾ-ಸಾನ್ ಯಾವತ್ತಿನಂತೆ ಬಗ್ಗಿದರು. ಇಲ್ಲೇ ಸಾಕು ಎನ್ನುತ್ತಾರೆ ಎಂದು ನಾನು ಕಾದೆ. ಅವರು ಬಗ್ಗಿದವರು ಚಪ್ಪಲಿ ಬಿಚ್ಚಿದರು. ಅದನ್ನು ಜೋಡಿಸಿ ಬಾಗಿಲಿನ ಕಡೆ ತಿರುಗಿಸಿಟ್ಟರು. ಕರ್ಚೀಫಿನ ಮೇಲೆ ಮಲಗಿದ್ದ ಮಗುವಿಗೆ ತಲೆ ಬಾಗಿಸಿ, ಮೆಟ್ಟಿಲು ಹತ್ತಿ, ತೂಗುತ್ತಿದ್ದ ಒದ್ದೆ ಬಟ್ಟೆಗಳ ಕೆಳಗೆ ತಲೆ ತಗ್ಗಿಸಿ ನಡೆದರು. ಅಮ್ಮನ ಮುಖ ಕೆಂಪಗೆ ಉರಿಯುತ್ತಿತ್ತು. ಬಟ್ಟಲನ್ನು ನನ್ನ ಕೈಗೆ ತುರುಕಿ, ಒಂದು ಕೈಯಿಂದ ಕೂದಲು ಗಂಟು ಹಾಕಿಕೊಳ್ಳುತ್ತಾ ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡು ಓಡಿದಳು. ಅಷ್ಟರಲ್ಲಿ ಮುರಾತಾ-ಸಾನ್ ಗುಡಿಸದ ನೆಲದ ಮೇಲೆ, ಕಲ್‌ಕಲ್ ಚೂರುಗಳ ನಡುವೆ, ಕೂತಾಗಿತ್ತು.